ಅಕ್ಕನ ಮಣ್ಣಿನ ಕುಂಡಗಳು

ಮೊನ್ನೆ ಗುಲಾಬಿ ಗಿಡಕ್ಕೆಂದು ಅಂಗಡಿಯಿಂದ ತಂದ ಮಣ್ಣಿನ ಚೀಲ ಬಿಚ್ಚಿದೆ. ಬಂತು ನೋಡಿ, ನಮ್ಮೂರ ಕೆರೆಯ ಗೋಡುಮಣ್ಣಿನ ವಾಸನೆ! ಮಣ್ಣನ್ನೂ ದುಡ್ಡು ಕೊಟ್ಟು ತಂದೆನೆಂದು ಗೊತ್ತಾಗಿದ್ದರೆ ನಮ್ಮಜ್ಜಿ ಊರೆಲ್ಲ ಹೇಳಿಕೊಂಡು ನಗುತ್ತಿದ್ದಳು.

ನಮ್ಮದು ಟೇಕಲ್ ಹತ್ತಿರದ ಹಳ್ಳಿ. ಎಂಬತ್ತರ ದಶಕದ ಶುರುವಿನಲ್ಲಿ ಅಕ್ಕ ಬೆಂಗಳೂರಿನಲ್ಲಿ ಕೃಷಿ ಓದುತ್ತಿದ್ದಳು. ಕೊನೆಯ ವರ್ಷದ ಪ್ರಯೋಗವನ್ನು ತಂದು ನಮ್ಮ ಕೊಟ್ಟಿಗೆಯಲ್ಲೇ ಹೂಡಿದಳು. ಒಂದು ಕುಂಡದಲ್ಲಿ ಬರೀ ಕೆಮ್ಮಣ್ಣು, ಇನ್ನೊಂದರಲ್ಲಿ ಅದಕ್ಕೆ ಬೆರೆಸಿದ ಕೆರೆಯ ಜೇಡಿ, ಮತ್ತೊಂದರಲ್ಲಿ ಜೇಡಿಯ ಜೊತೆಗೆ ಹಳೇ ಗೊಬ್ಬರದಿಂದ ಬಸಿದ ಕಪ್ಪು ಸತ್ವ. ಯಾವುದರಲ್ಲಿ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತವೆಂದು ನೋಡಬೇಕಿತ್ತಂತೆ. ಶನಿವಾರ ರೈಲಿಳಿದು ಬಂದವಳು ನಮಗಿಂತ ಮೊದಲು ಕುಂಡಗಳನ್ನು ಮಾತಾಡಿಸುತ್ತಿದ್ದಳು.

“ಜೇಡಿ ಅಂದ್ರೆ ಅವಕ್ಕೆ ಮನೆ ಕಣೇ, ಈ ಕಪ್ಪು ಅಂದ್ರೆ ಊಟ. ಎರಡೂ ಸಿಕ್ಕಿದ್ರೆ ಸಂಸಾರ ಹೂಡ್ತವೆ,” ಅನ್ನುತ್ತಿದ್ದಳು.

ಅಪ್ಪನಿಗೋ ಅಕ್ಕನ ಸಂಸಾರದ ಚಿಂತೆ. ಶ್ರೀನಿವಾಸಪುರದ ಮಾವಿನ ಮಂಡಿಯವರು ಹೆಣ್ಣು ನೋಡಲು ಬರುವುದು ಗೊತ್ತಾಯಿತು. ಒಪ್ಪಿಗೆಯಾದರೆ ಮದುವೆ ಆ ತಿಂಗಳೇ. ಓದು ಅಲ್ಲಿಗೇ ನಿಲ್ಲಬೇಕು. ಅಕ್ಕ ಊಟ ಬಿಟ್ಟಳು. ನಾನು ಮಾತ್ರ, ಅವಳದಾದರೆ ಮುಂದಿನದು ನನ್ನ ಸರದಿ ಎಂದು ಮನಸ್ಸಿನಲ್ಲೇ ಸೀರೆ ಆರಿಸುತ್ತಿದ್ದೆ.

ನೆಂಟರು ಬರುವ ದಿನ ಜಗಲಿಗೆ ಸಗಣಿ ಸಾರಿಸಿ, ಅಂಚಿಗೆ ಕೆಮ್ಮಣ್ಣು ಬಳಿಯುವುದು ನಮ್ಮ ಕಡೆಯ ಪದ್ಧತಿ. ಬೆಳಿಗ್ಗೆ ಮಣ್ಣು ಹುಡುಕಿ ಹೊರಟ ಅಜ್ಜಿಗೆ ಕೊಟ್ಟಿಗೆಯಲ್ಲಿ ಸಿಕ್ಕಿದ್ದು ಜರಡಿ ಹಿಡಿದ, ಚೆನ್ನಾಗಿ ಕಳಿತ, ಬೆಣ್ಣೆಯಂಥ ಮಣ್ಣು. ಎಲ್ಲ ಕುಂಡಗಳದ್ದನ್ನೂ ಒಟ್ಟಿಗೆ ಕಲಸಿ ಬಳಿದುಬಿಟ್ಟಳು.

ಅಕ್ಕ ಬಾಗಿಲಿಗೆ ಬಂದವಳು ಹೊಸ್ತಿಲಲ್ಲೇ ಕುಸಿದು, ಒದ್ದೆ ನೆಲವನ್ನು ಉಗುರಿನಿಂದ ಕೆರೆಯುತ್ತ ಅತ್ತಳು. “ಅದ್ರಲ್ಲಿ ಎಷ್ಟೊಂದು ಜೀವ ಇತ್ತಜ್ಜೀ... ಎಲ್ಲಾ ಹೋಯ್ತು.”

“ಅಯ್ಯೋ ದೇವುಡಾ!” ಎಂದು ಅಜ್ಜಿ ತಲೆಯ ಮೇಲೆ ಕೈ ಹೊತ್ತಳು. ಸ್ವಲ್ಪ ಹೊತ್ತು ಅಕ್ಕನನ್ನೇ ನೋಡುತ್ತ ನಿಂತಳು. ಆಮೇಲೆ ಬಾವಿಕಟ್ಟೆಗೆ ಹೋಗಿ, ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಅಪ್ಪನ ಮುಂದೆ ಬಂದಳು.

“ಅವ್ರನ್ನ ಬರಬ್ಯಾಡಿ ಅಂತ ಹೇಳ್ಕಳಿಸೋ. ಮನೇಲಿ ಸೂತಕ ಐತೆ.”

“ಯಾರವ್ವಾ ಸತ್ತಿರೋದು?”

“ನಿನ್ ಮಗಳನ್ನೇ ಕೇಳು. ಕೊಂದೋಳು ನಾನು. ವರ್ಷ ತುಂಬೋಗಂಟ ಈ ಮನೇಲಿ ಮದುವೆ ಮಾತು ಎತ್ತಬ್ಯಾಡ.”

ಅಪ್ಪ ಮೊದಲು ನಕ್ಕರು, ಆಮೇಲೆ ಕೂಗಾಡಿದರು. ಅಜ್ಜಿ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮಂಡಿಯವರು ಬೇರೆ ಹೆಣ್ಣು ನೋಡಿಕೊಂಡರು. ಅಕ್ಕ ಹೊಸ ಜೇಡಿ ತಂದು ಕುಂಡ ತುಂಬಿದಳು. ಜೇಡಿ, ಕಪ್ಪು ಎರಡೂ ಇದ್ದ ಕುಂಡವೇ ಗೆದ್ದಿತಂತೆ, ಓದು ಮುಗಿಯಿತು. ನನ್ನ ಸೀರೆ ವರ್ಷವಿಡೀ ಕಾಯುತ್ತ ಕೂತಿತು.

ಇಷ್ಟು ಕಾಲ ಇದನ್ನು ಅಜ್ಜಿಯ ಪೆದ್ದುತನದ ಕಥೆಯೆಂದು ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಮೊನ್ನೆ ಯಾಕೋ ಅನುಮಾನ ಬಂದು ಅಕ್ಕನಿಗೆ ಫೋನ್ ಮಾಡಿದೆ.

“ಬ್ಯಾಕ್ಟೀರಿಯಾ ಅಂದ್ರೆ ಏನು ಅಂತ ಅಜ್ಜಿಗೆ ನಿಜವಾಗ್ಲೂ ಗೊತ್ತಾಗಿತ್ತೇನೇ?”

“ಎಲ್ಲಿ ಗೊತ್ತಾಗತ್ತೆ ಕಣೇ,” ಅಂದಳು ಅಕ್ಕ. “ನಾನು ಅಳ್ತಿದ್ದದ್ದು ಗೊತ್ತಾಗಿತ್ತು.”