ನಾರ್ವೆ ಪರಮೇಶಪ್ಪ

ಕೊಡಗು ಮೈಸೂರಿಗೆ ಸೇರಿದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಶನಿವಾರಸಂತೆ ಕಡೆಯವರು ಇನ್ನೂ ಜಗಳವಾಡುತ್ತಿದ್ದ ಕಾಲ. ಪರಮೇಶಪ್ಪನಿಗೆ ಮಾತ್ರ ಅನುಮಾನವೇ ಇರಲಿಲ್ಲ. "ಮೈಸೂರಲ್ಲಿ ಕರೆಂಟೆಲ್ಲ ನೀರಿಂದಲೇ ಕಣ್ರೀ. ನಾವೀಗ ನಾರ್ವೆ ಪಕ್ಕ ಕೂತಂಗಾಯ್ತು!" ಎಂದು ಎದೆಯುಬ್ಬಿಸುತ್ತಿದ್ದ.

ಎಸ್ಟೇಟಿನ ಪಲ್ಪರ್ ಮನೆಯಲ್ಲಿ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮನೆಯಲ್ಲಿ, ತೊರೆಯ ನೀರಿಗೆ ತಿರುಗಿ ಕರೆಂಟು ತೆಗೆಯುವ ಸಣ್ಣದೊಂದು ಟರ್ಬೈನು ಇತ್ತು. ಅದನ್ನು ನೋಡಿಕೊಳ್ಳುವುದು ಇವನ ಕೆಲಸ. ಸೀಮೆಗೆ ಹೊರಟುಹೋದ ಬಿಳಿ ದೊರೆ ಬಿಟ್ಟುಹೋಗಿದ್ದ ಪತ್ರಿಕೆಯೊಂದರಲ್ಲಿ, ಯಾವ ದೇಶ ಎಷ್ಟು ಕರೆಂಟನ್ನು ನೀರಿನಿಂದ ತೆಗೆಯುತ್ತದೆ ಎಂಬ ಪಟ್ಟಿ ಸಿಕ್ಕಿತು. ಲೆಕ್ಕ ಬರೆಯುವ ಎಸ್ಟೇಟ್ ರೈಟರ ಹತ್ತಿರ ಓದಿಸಿಕೊಂಡು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟ. ನಾರ್ವೆಯಲ್ಲಿ ಹೆಚ್ಚುಕಡಿಮೆ ಎಲ್ಲ ನೀರೇ. ಸ್ವಿಟ್ಜರ್‌ಲೆಂಡೂ ಹಾಗೆಯೇ. ಇಂಗ್ಲೆಂಡಿನದು ಬಹುಪಾಲು ಕಲ್ಲಿದ್ದಲು. "ನಮ್ಮನ್ನ ಆಳಿದೋರು ನೋಡ್ರಪ್ಪ, ಹೊಗೆ ಕುಡ್ಕೊಂಡು ಬದುಕೋರು!" ಬಾಣಂತಿ ನೋಡಲು ಹೋದರೂ ಇದೇ ಮಾತು. ಊರು ಅವನಿಗೆ ನಾರ್ವೆ ಪರಮೇಶಪ್ಪ ಎಂದು ಹೆಸರಿಟ್ಟಿತು. ಅವನೋ, ಬಿರುದು ಸಿಕ್ಕಿತೆಂದೇ ತಿಳಿದ. ಎಂಥ ಪುಣ್ಯಾತ್ಮ!

ಕಂಟಕ ಬಂದದ್ದು ಸ್ವಂತ ಅಕ್ಕನಿಂದ. ಟರ್ಬೈನಿನ ಕೆಳಗಿನ ಮೊದಲ ಗದ್ದೆ ಮಹಾದೇವಮ್ಮನದು. ಆ ವರ್ಷ ಅವಳ ಪೈರು ಹಳದಿ ತಿರುಗಿ, ಸುಗ್ಗಿಯಲ್ಲಿ ಅರ್ಧಕ್ಕರ್ಧ ಜೊಳ್ಳೇ ಬಂತು. "ಕರೆಂಟು ಹಿಂಡ್ಕೊಂಡು ಬಿಟ್ಟ ನೀರು ಅದು, ಬೆಣ್ಣೆ ತೆಗೆದ ಮಜ್ಜಿಗೆ. ಸಾರ ಎಲ್ಲಿಂದ ಬರ್ಬೇಕು?" ಎಂದಳು. ಊರೆಲ್ಲ ಹೌದು ಹೌದು ಎಂದಿತು. ಎಸ್ಟೇಟಿನ ಹೊಸ ಸಾಹುಕಾರ ನಂಜಪ್ಪನವರಿಗೆ ಊರಿನ ನಿಷ್ಠುರ ಬೇಡವಾಗಿತ್ತು. ಮಹಾದೇವಮ್ಮ ಒಪ್ಪದಿದ್ದರೆ ಟರ್ಬೈನು ಕಳಚಿ ಡೀಸೆಲ್ ಎಂಜಿನ್ ತರುತ್ತೇನೆ ಎಂದುಬಿಟ್ಟರು. ಪರಮೇಶಪ್ಪನಿಗೆ ಎರಡು ದಿನ ಅನ್ನ ಸೇರಲಿಲ್ಲ.

ಪಂಚಾಯ್ತಿ ಸೇರಿದ್ದು ಪಲ್ಪರ್ ಮನೆಯ ಮುಂದೆಯೇ.

"ಅಕ್ಕ, ನಾರ್ವೇಲಿ ದೇಶಕ್ಕೆ ದೇಶವೇ ಇಂಥ ನೀರಲ್ಲೇ ಬದುಕ್ತೈತೆ" ಎಂದ ಪರಮೇಶಪ್ಪ.

"ಅಲ್ಲಿ ಭತ್ತ ಬೆಳೀತಾರೇನೋ?"

ಹೂಂ ಎನ್ನಬಹುದಿತ್ತು, ಯಾರು ಹೋಗಿ ನೋಡುತ್ತಿದ್ದರು? ಆದರೆ ಅವನ ನಾಲಿಗೆ ಹಾಗೆ ಹೊರಳುವುದಿಲ್ಲ. "ಇಲ್ಲ ಕಣಕ್ಕ. ವಿಪರೀತ ಚಳಿಯಂತೆ."

"ಚಳಿಯಂತೆ! ನೀರಲ್ಲಿ ಸಾರ ಇದ್ದಿದ್ರೆ ಬೆಳೀತಿರ್ಲಿಲ್ವಾ?"

ಜನ ಹೋ ಎಂದು ನಕ್ಕರು. ಪರಮೇಶಪ್ಪನಿಗೆ ರೋಷ ಉಕ್ಕಿತು. ಪಕ್ಕದವನ ಕೈಯಲ್ಲಿದ್ದ ಚೊಂಬು ಕಿತ್ತುಕೊಂಡು ಹೋಗಿ, ಅಕ್ಕನ ಗದ್ದೆಗೆ ಇಳಿಯುವ ಕಾಲುವೆಯಿಂದಲೇ ಮೊಗೆದು ತಂದ. "ನೋಡಿ, ಕುಡಿದೇ ತೋರಿಸ್ತೀನಿ!"

ಬಾಯಿಗೆ ಹಾಕಿಕೊಂಡ. ಹುಳಿ, ಕೊಳೆತ ವಾಸನೆ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕಣ್ಣು ತಾನಾಗಿ ಕಾಲುವೆಯ ದಡಕ್ಕೆ ಹೋಯಿತು. ಅಲ್ಲಿ ಕಾಫಿ ಸಿಪ್ಪೆಯ ಗುಡ್ಡೆ ಬಿದ್ದಿತ್ತು. ಹಿತ್ತಲ ಗುಂಡಿ ತುಂಬಿದ ಮೇಲೆ, ಹೊಸದು ತೋಡುವ ಸೋಮಾರಿತನಕ್ಕೆ, ಹೋದ ವರ್ಷದಿಂದ ಅಲ್ಲಿ ಸುರಿಸುತ್ತಿದ್ದವನು ತಾನೇ. ಮಳೆಗಾಲದಲ್ಲಿ ಆ ಕೊಳಕೆಲ್ಲ ಅಕ್ಕನ ಗದ್ದೆಗೇ ಇಳಿದಿತ್ತು.

ಕಣ್ಣು ಮುಚ್ಚಿ ನುಂಗಿ, ಚೆನ್ನಾಗಿದೆ ಎಂದಿದ್ದರೆ ಟರ್ಬೈನೂ ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಅವನು ಉಗುಳಿದ.

"ಅಕ್ಕ, ನೀರು ಕೆಟ್ಟಿರೋದು ನಿಜ. ಕೆಡಿಸಿದ್ದು ಕರೆಂಟಲ್ಲ, ನಾನು" ಎಂದು ಸಿಪ್ಪೆಯ ಸಂಗತಿಯನ್ನೆಲ್ಲ ನಿಂತಲ್ಲೇ ಹೇಳಿದ.

ನಂಜಪ್ಪನವರ ಮುಖ ಕೆಂಪಾಯಿತು. "ನಾಳೆಯಿಂದ ನೀನು ಎಸ್ಟೇಟಿಗೆ ಬರೋದು ಬೇಡ" ಎಂದರು.

ಮಹಾದೇವಮ್ಮ ಎದ್ದು ಬಂದಳು. ಐವತ್ತು ದಾಟಿದ ತಮ್ಮನ ಬಾಯನ್ನು ಎಲ್ಲರೆದುರೇ ಸೆರಗಿನಿಂದ ಒರೆಸಿದಳು. ಆಮೇಲೆ ತಿರುಗಿ ನಿಂತಳು.

"ಸಾವ್ಕಾರ್ರೇ, ಟರ್ಬೈನೂ ಇರ್ಲಿ, ಇವನೂ ಇರ್ಲಿ. ಇವನು ಆ ನೀರು ನುಂಗ್ಬಿಟ್ಟಿದ್ರೆ ನಂಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ. ನನ್ನ ಗದ್ದೆ ಕೆಳಗೈತೆ. ಮೇಲೆ ಇರೋನು ಇಂಥವನೇ ಆಗಿರ್ಬೇಕು."