ನಮ್ಮ ಬಾವನವರ ಹೆಣ್ಣೋಟುಗಳು

ನಮ್ಮ ಬಾವನವರು ನನ್ನೊಡನೆ ಮಾತಾಡಬೇಕಾದಾಗಲೆಲ್ಲ ತೊಟ್ಟಿಯ ಕಂಬದೊಡನೆ ಮಾತಾಡುತ್ತಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತಿದ್ದೆ. "ಕರೀ ಎಮ್ಮೆ ಆಲು ಕೊಡ್ತಾ ಅಂತ ಕೇಳು" ಎಂದು ಅವರು ಕಂಬಕ್ಕೆ ಹೇಳುವರು. "ಕೊಡ್ತು ಅಂತ ಹೇಳು" ಎಂದು ನಾನು ಬಾಗಿಲಿಗೆ ಹೇಳುವೆ. ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಹದಿನೈದನೆಯ ವರ್ಷ ಅವರಿಗೆ ನನ್ನ ಓಟು ಬೇಕಾಯಿತು, ಮರ್ಯಾದೆ ಸ್ವಲ್ಪ ಸಡಿಲವಾಯಿತು.

ಅವರ ಹೆಸರು ಬೆಟ್ಟೇಗೌಡ. ಇಂದು ಕಾಗದದ ಮೇಲೆ ನಿರಾಳವಾಗಿ ಬರೆಯುತ್ತಿದ್ದೇನೆ, ಆಗ ಬಾಯಲ್ಲಿ ಆಡುವಂತಿರಲಿಲ್ಲ. ಹೆಂಡತಿ ಗಂಡನ ಹೆಸರು ಹೇಳಬಾರದು, ಸೊಸೆ ಮಾವನದು ಹೇಳಬಾರದು, ತಮ್ಮನ ಹೆಂಡತಿ ಬಾವನದು ಹೇಳಬಾರದು. ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅಕ್ಕನ ಮಡಿ ಇನ್ನೂ ಹೆಚ್ಚಿನದು, ಬೆಟ್ಟ ಎಂಬ ಮಾತನ್ನೇ ಬಿಟ್ಟುಬಿಟ್ಟಿದ್ದರು. ಚಾಮುಂಡಿ ಬೆಟ್ಟ ಅವರ ಬಾಯಲ್ಲಿ ಅಮ್ಮನ ಗುಡ್ಡ. ಬೆಟ್ಟದಪುರದಿಂದ ನೆಂಟರು ಬಂದರೆ "ಆ ಗುಡ್ಡದೂರ್ನೋರು ಬಂದವ್ರೆ" ಎನ್ನುತ್ತಿದ್ದರು.

ಬಾವನವರು ಆರಡಿ ಆಳು, ನೋಡಲು ಲಕ್ಷಣವಾಗಿದ್ದರು. ಆ ಲಕ್ಷಣಕ್ಕೆ ಜರಿ ರುಮಾಲು, ಉದ್ದನೆಯ ಕರೀ ಕೋಟು ಸೇರಿದರೆ ಹುಣಸೂರಿನ ಸಂತೆಯಲ್ಲಿ ಜನ ದಾರಿ ಬಿಡುತ್ತಿದ್ದರು. ಎರಡು ಸಲ ಪ್ರಜಾಪ್ರತಿನಿಧಿ ಸಭೆಗೆ ಗೆದ್ದಿದ್ದರು. ದಸರೆ ಬಂತೆಂದರೆ ಮೈಸೂರಿಗೆ ಹೋಗಿ ಸಭೆಯಲ್ಲಿ ಕೂತು, ಬಂದ ಮೇಲೆ ತಿಂಗಳಾನುಗಟ್ಟಲೆ ಜಗಲಿಯ ಮೇಲೆ ಅದನ್ನೇ ಹೇಳುವರು. "ಮಾರಾಜ್ರ ಸಭೇಲಿ ಕುರ್ಚಿ ಮ್ಯಾಲೆ ಕೂರೋ ಮನ್ಸ ಕಣ್ಲಾ ನಾನು!" ಕುರ್ಚಿಯ ಮೇಲೆ ಕೂತದ್ದು ನಿಜ. ಅಷ್ಟು ವರ್ಷದಲ್ಲಿ ಎದ್ದು ನಿಂತು ಕೇಳಿದ್ದು ಒಂದೇ, ನಮ್ಮ ತೆಂಗಿನ ತೋಟದವರೆಗೆ ಗಾಡಿ ರಸ್ತೆ. ಅದು ಆಯಿತು ಕೂಡ.

ದಸರೆಗೆ ಮುಂಚೆ ಜನ ಅಹವಾಲು ಹೇಳಿಕೊಳ್ಳಲು ಬರುತ್ತಿದ್ದರು. ಬಾವನವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ನಿಂದು ಓಟೈತಾ?" ಇಂತಿಷ್ಟು ಕಂದಾಯ ಕಟ್ಟುವವರಿಗೆ ಮಾತ್ರ ಓಟು ಇದ್ದ ಕಾಲ ಅದು. ಒಮ್ಮೆ ಕೇರಿಯ ಕೂಲಿಯವರು ನಾಲ್ಕು ಜನ ಬಂದು, ಬೇಸಿಗೆಯಲ್ಲಿ ನಾಲೆ ನಿಂತರೆ ಕುಡಿಯಲು ನೀರಿಲ್ಲ, ಒಂದು ಬಾವಿ ಕೇಳಿ ಬುದ್ಧಿ, ಎಂದರು. "ಓಟಿಲ್ದೋರ ಬಾಯಾರ್ಕೆ ದಿವಾನ್ರಿಗೆ ಕೇಳ್ಸಾಕಿಲ್ಲ ಕಣ್ರಲಾ" ಎಂದು ಬಾವನವರು ನಕ್ಕರು. ಜಗಲಿಯವರೆಲ್ಲ ನಕ್ಕರು. ಕೇಳಲು ಬಂದವರೂ ನಕ್ಕರು, ನಗದೆ ಏನು ಮಾಡಿಯಾರು? ಒಳಗೆ ರಾಗಿ ಬೀಸುತ್ತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ಗಂಡ ಸತ್ತಾಗ ಬಾವನವರು ಮಗುವಿನಂತೆ ಅತ್ತರು. ಅದು ನಾಟಕವಲ್ಲ, ತಮ್ಮನೆಂದರೆ ಅವರಿಗೆ ಜೀವ. ತಿಥಿ ಮುಗಿದ ಮೂರನೆಯ ದಿನ ನಾಲೆ ಪಕ್ಕದ ನಮ್ಮ ಗದ್ದೆಗೆ ಅವರ ನೇಗಿಲು ಇಳಿಯಿತು. ಅದು ನನ್ನ ಗಂಡ ಕಲ್ಲು ಕಿತ್ತು, ಮಟ್ಟ ಮಾಡಿ, ಹನಗೋಡು ನಾಲೆಯ ನೀರು ಹತ್ತಿಸಿದ ಗದ್ದೆ. ನನಗೆ ಇನ್ನು ಮೇಲೆ ಎರಡು ಹೊತ್ತು ಊಟ, ವರ್ಷಕ್ಕೆ ಎರಡು ಸೀರೆ ಎಂದು ಕಂಬಕ್ಕೆ ತಿಳಿಸಿದರು. ನನ್ನ ಮಗಳು ರತ್ನಳಿಗೆ ಆಗ ಒಂಬತ್ತು ವರ್ಷ. ಪಿರಿಯಾಪಟ್ಟಣದಲ್ಲಿ ಮೇಷ್ಟರಾಗಿದ್ದ ನಮ್ಮಪ್ಪ ನನಗೆ ಓದು ಬರಹ ಕಲಿಸಿದ್ದರು. ಅವಳನ್ನು ಹುಣಸೂರಿನ ಹೆಣ್ಣುಮಕ್ಕಳ ಸ್ಕೂಲಿಗೆ ಹಾಕುತ್ತೇನೆ ಎಂದೆ. "ಇನ್ನೆಲ್ಡು ವರ್ಸಕ್ಕೆ ಮದ್ವೆ ಮಾಡದು ಅಂತ ಹೇಳು" ಎಂಬ ಉತ್ತರ ಕಂಬದ ಕಡೆಯಿಂದ ಬಂತು. ಆ ಗದ್ದೆ ಕೈಗೆ ಬಾರದೆ ನನ್ನ ಮಗಳು ನನ್ನವಳಾಗುವುದಿಲ್ಲ ಎಂದು ಅವತ್ತೇ ನನಗೆ ಗೊತ್ತಾಯಿತು.

ಅಷ್ಟರಲ್ಲಿ ಹೆಂಗಸರಿಗೂ ಓಟು ಎಂದು ಸರ್ಕಾರದ ಆಜ್ಞೆಯಾಯಿತು. ಗಂಡಸರಂತೆಯೇ ಅವರ ಹೆಸರಿನಲ್ಲೂ ಜಮೀನಿರಬೇಕು, ಕಂದಾಯವಿರಬೇಕು. ಊರಿನ ಬೇರೆ ಯಜಮಾನರೆಲ್ಲ ಇದನ್ನು ಕೇಳಿ ನಕ್ಕು ಸುಮ್ಮನಾದರು. ಬಾವನವರು ನಗಲಿಲ್ಲ. ಎದುರಾಳಿಯಾಗಿ ಹುಣಸೂರಿನ ಲಾಯರು ನಂಜಪ್ಪ ನಿಂತಿದ್ದರು, ಈ ಸಲ ಗೆಲುವು ಕಷ್ಟ ಎಂದು ಎಲ್ಲರೂ ಹೇಳುತ್ತಿದ್ದರು. ಬಾವನವರು ಶಾನುಭೋಗರನ್ನು ಕರೆಸಿ ತಮ್ಮ ಖಾತೆಯನ್ನು ಒಡೆದರು. ಹೆಂಡತಿಗೆ ಒಂದು ತುಂಡು, ಇಬ್ಬರು ಸೊಸೆಯರಿಗೆ ಎರಡು, ದಾಯಾದಿ ತಮ್ಮಂದಿರ ಹೆಂಡಿರು ಮೂವರಿಗೆ ಮೂರು, ನನಗೆ ಒಂದು. ಎಲ್ಲಕ್ಕೂ ದಾನಪತ್ರ, ರಿಜಿಸ್ಟ್ರಿ. ಓಟು ಮುಗಿದ ಮೇಲೆ ಎಲ್ಲರೂ ಹಿಂದಕ್ಕೆ ಬರೆದುಕೊಡಬೇಕೆಂಬುದು ಮಾತು. ಮೈಸೂರಿನಲ್ಲಿ ಯಾರೋ ದೊಡ್ಡವರು, ಗೌಡರು ಸ್ತ್ರೀಯರಿಗೆ ಆಸ್ತಿ ಕೊಟ್ಟ ಮಹಾನುಭಾವರು ಎಂದು ಹೊಗಳಿ ಹಾರ ಹಾಕಿದರಂತೆ. ಆ ಹಾರವನ್ನು ಮನೆಗೆ ತಂದು ಗೂಟಕ್ಕೆ ನೇತುಹಾಕಿದರು.

ನನ್ನೊಡನೆ ನೇರವಾಗಿ ಮಾತಾಡಿದ್ದು ಆಗಲೇ. ಬಾಗಿಲ ಬಳಿ ಬಂದು, ನೆಲ ನೋಡುತ್ತ, "ನೋಡವ್ವಾ, ನಿಂಗೂ ಒಂದೋಟು ಮಾಡಿಸ್ತಾ ಇವ್ನಿ" ಎಂದರು.

"ಅಂಗಾದ್ರೆ ನಾಲೆ ಮಗ್ಗುಲ್ ಗದ್ದೇನೇ ಬರೀರಿ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಯಾವ್ದಾದ್ರೇನು ಬುಡು, ತಿರ್ಗಾ ನಂತಾವ್ಕೇ ಬರದಲ್ವಾ?" ಎಂದು ನಕ್ಕು ಹೋದರು.

ಆಮೇಲೆ ತಾಲೀಮು ಶುರುವಾಯಿತು. ತೊಟ್ಟಿಯಲ್ಲಿ ಕುರ್ಚಿ ಹಾಕಿಸಿ, ರುಮಾಲು ಕಟ್ಟಿ, ಬಾವನವರೇ ಓಟಿನ ಅಧಿಕಾರಿಯಾಗಿ ಕೂರುವರು. ನಾವು ಏಳು ಜನ ಸೆರಗು ಹೊದ್ದು ಸಾಲಾಗಿ ಬರಬೇಕು. ಓದು ಬರುವವರು ತಾವೇ ಚೀಟಿಗೆ ಗುರುತು ಹಾಕಬಹುದು, ಬಾರದವರು ಅಧಿಕಾರಿಯ ಮುಂದೆ ಅಭ್ಯರ್ಥಿಯ ಹೆಸರು ಹೇಳಬೇಕು. ನಮ್ಮಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. "ಯಾರ್ಗಮ್ಮಾ ನಿನ್ ಓಟು?" ಎಂದು ಬಾವನವರು ಗತ್ತಿನಿಂದ ಕೇಳುವರು. "ನಿಮ್ಗೇ" ಎಂದು ಅಕ್ಕ ಹೇಳುವರು. "ನಿಮ್ಗೇ" ಎಂದು ಸೊಸೆಯರು ಹೇಳುವರು. "ಭೇಷ್!" ಎಂದು ಬಾವನವರು ತೊಡೆ ತಟ್ಟುವರು. ಏಳು ದಿನ ಹೀಗೆ ನಡೆಯಿತು. ಆ ಮನೆಯಲ್ಲಿ ಯಾರ ಬಾಯಿಂದಲೂ ಅವರ ಹೆಸರು ಬಂದಿರಲಿಲ್ಲವಾಗಿ, ಅದು ಬರಬೇಕಾಗುತ್ತದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ನನಗೆ ಎರಡನೆಯ ದಿನವೇ ಹೊಳೆದಿತ್ತು. ನಾನು ಹೇಳಲಿಲ್ಲ.

ಓಟಿನ ದಿನ ಎರಡು ಕಮಾನು ಗಾಡಿಯಲ್ಲಿ ನಮ್ಮನ್ನು ಹುಣಸೂರಿನ ಕಚೇರಿಗೆ ಕರೆತಂದರು. ಬಾವನವರು ರಸ್ತೆಯಾಚೆ ಹುಣಸೆಮರದ ಕೆಳಗೆ ನಿಂತು ಬಂದವರಿಗೆಲ್ಲ ಎಲೆಯಡಿಕೆ ಕೊಡುತ್ತಿದ್ದರು. ಮೊದಲು ಅಕ್ಕ ಒಳಗೆ ಹೋದರು. ನಾನು ಬಾಗಿಲಲ್ಲೇ ಇದ್ದೆ, ಎಲ್ಲ ಕಾಣುತ್ತಿತ್ತು. ಊರ ಪಟೇಲರು ಅಕ್ಕನ ಗುರುತು ಹೇಳಿದರು.

"ಯಾರಿಗೆ ತಾಯಿ ನಿಮ್ಮ ಓಟು?" ಎಂದು ಅಧಿಕಾರಿ ಕೇಳಿದರು.

"ನಿಮ್ಗೇ" ಎಂದರು ಅಕ್ಕ.

"ನನಗಲ್ಲ ತಾಯಿ. ಚುನಾವಣೆಗೆ ನಿಂತಿರೋರು ಇಬ್ಬರು. ಅವರಲ್ಲಿ ಯಾರಿಗೆ?"

"ನಮ್ಮನೇರ್ಗೆ."

"ಹೆಸರು?"

ಅಕ್ಕನ ಮುಖ ಬೆವರಿತು. "ಅಯ್ಯೋ, ಎಂಗೆ ಹೇಳದು ಸ್ವಾಮಿ? ನಮ್ಮ ರತ್ನನ ದೊಡ್ಡಪ್ಪಾರ್ಗೆ!" ಎಂದರು. ಲಾಯರ ಕಡೆಯವನು ಎದ್ದು, ಬಾಯಲ್ಲೇ ಹೆಸರು ಹೇಳಬೇಕು, ಇಲ್ಲದಿದ್ದರೆ ಓಟು ಸಲ್ಲದು ಎಂದು ಪಟ್ಟು ಹಿಡಿದ. ಪಾಪ, ಅಧಿಕಾರಿ ಎರಡು ಸಲ ಕಾದರು, ಮೂರನೆಯ ಸಲ ಓಟನ್ನು ತಳ್ಳಿಹಾಕಿದರು.

ಅಕ್ಕ ಅಳುತ್ತ ಹೊರಬಂದರು. "ಎಸ್ರೇ ಹೇಳ್ಬೇಕಂತೆ ಕಣೇ! ಏನ್ಮಾಡದೇ ಈಗ?" ಐದು ಜನ ಹೆಂಗಸರು ನನ್ನ ಮುಖ ನೋಡಿದರು. ಚೀಟಿಯಲ್ಲಿ ಮೇಲಿನ ಹೆಸರು ಬಾವನವರದು. ಓದು ಬರುತ್ತದೆಂದು ಹೇಳಿ ಅದರ ಮುಂದೆ ಒಂದು ಗೀಟು ಹಾಕುವುದನ್ನು ಕಡ್ಡಿ ಹಿಡಿದು ಮಣ್ಣಿನಲ್ಲಿ ತೋರಿಸಿದ್ದರೆ ಆ ಐವರೂ ಒಂದು ಗಳಿಗೆಯಲ್ಲಿ ಕಲಿಯುತ್ತಿದ್ದರು. ನನಗೆ ರತ್ನಳ ನೆನಪಾಯಿತು, ಬಾವಿ ಕೇಳಲು ಬಂದು ನಕ್ಕು ಹೋದವರ ನೆನಪೂ ಆಯಿತು. "ಬಾಯ್ಗೆ ಬರೋ ಎಸ್ರು ಹೇಳಿ ಬಂದ್ಬುಡ್ರಮ್ಮಾ" ಎಂದೆ. "ಹೇಳ್ದೆ ಇದ್ರೆ ಅವ್ರು ಬುಡಾಕಿಲ್ಲ."

ಬಾಯಿಗೆ ಬರುವ ಹೆಸರು ಒಂದೇ ಇತ್ತು. ಐದು ಜನವೂ ಒಬ್ಬರ ಹಿಂದೆ ಒಬ್ಬರು ಹೋಗಿ "ನಂಜಪ್ಪ" ಎಂದು ಹೇಳಿ, ದೊಡ್ಡ ಗಂಡಾಂತರ ಕಳೆದವರಂತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದರು. ಕೊನೆಗೆ ನಾನು ಹೋಗಿ ಕೆಳಗಿನ ಹೆಸರಿಗೆ ಗುರುತು ಹಾಕಿದೆ. ಮರದ ಕೆಳಗಿನಿಂದ ಬಾವನವರು ನಮ್ಮ ಗಾಡಿಗೆ ಕೈಯೆತ್ತಿದರು.

ಮೂರು ಓಟಿನಲ್ಲಿ ಸೋತರು. ನನಗೆ ಆದ ಸಂತೋಷವನ್ನು ಹೇಗೆ ಮುಚ್ಚಿಡಲಿ? ಹಿತ್ತಲಿಗೆ ಹೋಗಿ ಒಬ್ಬಳೇ ನಕ್ಕೆ.

ಹೆಂಗಸರು ಒಬ್ಬೊಬ್ಬರಾಗಿ ನಡೆದದ್ದನ್ನು ಒಪ್ಪಿಕೊಂಡ ಮೇಲೆ ಬಾವನವರು ಆರು ಜನರ ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಹಿಂದಕ್ಕೆ ಪಡೆದರು. ಏಳನೆಯ ಪತ್ರ ಹಿಡಿದು ಬಾಗಿಲಿಗೆ ಬಂದರು. ಈ ಸಲ ನೆಲ ನೋಡಲಿಲ್ಲ.

"ಸಯ್ ಆಕವ್ವಾ."

"ಆಕಾಕಿಲ್ಲ."

"ಯಾಕೆ?"

"ದಾನ ಕೊಟ್ಟಿವ್ನಿ ಅಂತ ಬರ್ದಿದೀರಲ್ಲ, ನಾನ್ ಇಸ್ಕೊಂಡಿವ್ನಿ."

"ಅನ್ನ ಆಕ್ದ ಮನೆ ಕಣಮ್ಮೀ ಇದು!" ಎಂದು ಕೂಗಾಡಿದರು. ಮಾರನೆಯ ದಿನವೇ ನನ್ನನ್ನೂ ಮಗಳನ್ನೂ ಹಿತ್ತಲ ಕೊಟ್ಟಿಗೆಗೆ ಹಾಕಿದರು. ನೀರುಗಂಟಿಗೆ ಹೇಳಿ ನನ್ನ ಗದ್ದೆಗೆ ನೀರು ನಿಲ್ಲಿಸಿದರು. ಗೆದ್ದ ಲಾಯರಿಗೆ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ನಾನೇ ಹೋಗಿ ನಾಲೆಯ ತೂಬಿನ ಮೇಲೆ ಇಡೀ ಹಗಲು ಕೂತೆ. ನೀರುಗಂಟಿ ನಾಚಿಕೊಂಡು ನೀರು ಬಿಟ್ಟ. ಬಾವನವರು ಕೋರ್ಟಿಗೆ ಹೋಗಬಹುದಿತ್ತು. ಹೋದರೆ ಓಟಿಗಾಗಿ ಸುಳ್ಳು ದಾನ ಬರೆದೆ ಎಂದು ಅವರೇ ಒಪ್ಪಿಕೊಳ್ಳಬೇಕು, ಆಮೇಲೆ ಚುನಾವಣೆಗೆ ನಿಲ್ಲುವ ಆಸೆ ಬಿಡಬೇಕು. ಗದ್ದೆಗಿಂತ ಆ ಕುರ್ಚಿ ಅವರಿಗೆ ದೊಡ್ಡದಾಗಿತ್ತು. ರತ್ನ ಆ ವರ್ಷ ಸ್ಕೂಲಿಗೆ ಸೇರಿದಳು.

ಮುಂದಿನ ಚುನಾವಣೆಗೆ ಆರು ತಿಂಗಳಿರುವಾಗ ಅವರಿಗೆ ಹೊಟ್ಟೆಯ ಬೇನೆ ಬಂತು. ಆಷಾಢದಲ್ಲಿ ಹೇಳಿಕಳಿಸಿದರು. ಹೋದೆ. ನಡುಮನೆಯ ತುಂಬ ನೆಂಟರು, ಮಂಚದ ಮೇಲೆ ಆ ಆರಡಿಯ ಮನುಷ್ಯ ಮೂಳೆಯಾಗಿ ಮಲಗಿದ್ದರು. ದೊಡ್ಡ ಮಗ ಪತ್ರವನ್ನೂ ಮಸಿಯನ್ನೂ ಸಿದ್ಧವಾಗಿ ಇಟ್ಟುಕೊಂಡಿದ್ದ.

"ಸಾಯೋ ಮನ್ಸ ಕೇಳ್ತಾ ಇವ್ನಿ ಕಣವ್ವಾ" ಎಂದರು ಬಾವನವರು. "ಮನೆ ಜಮೀನು ಮನೇಲೇ ಇರ್ಲಿ. ಸಯ್ ಆಕ್ಬುಡು, ನೆಮ್ದೀಲಿ ಓಯ್ತೀನಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಕ್ಕ ನನ್ನ ಕೈ ಹಿಡಿದು ಅಳುತ್ತಿದ್ದರು. ಒಂದು ಕ್ಷಣ ಲೇಖನಿ ತೆಗೆದುಕೊಂಡೇಬಿಡುತ್ತಿದ್ದೆನೇನೋ.

"ನಿಮ್ ತಮ್ಮ ಸಾಯೋವಾಗ ನಿಮ್ಮನ್ನ ಏನ್ ಕೇಳಿದ್ರು ಬಾವನೋರೇ?" ಎಂದೆ. "ನನ್ ಹೆಂಡ್ರು ಮಗೂನ ನೋಡ್ಕೋ ಅಂದ್ರು. ನಾನೂ ಅಲ್ಲೇ ಇದ್ದೆ."

ಅವರು ಗೋಡೆಯ ಕಡೆ ತಿರುಗಿಕೊಂಡರು. ನಾನು ಎದ್ದು ಬಂದೆ.

ಶ್ರಾವಣದ ಮೊದಲ ವಾರ ತೀರಿಕೊಂಡರು. ಅವತ್ತು ನನ್ನ ಗದ್ದೆಯಲ್ಲಿ ನಾಟಿ ನಿಗದಿಯಾಗಿತ್ತು. ಸಸಿಮಡಿಯಿಂದ ಪೈರು ಕಿತ್ತಾಗಿತ್ತು, ನಾಲೆಯ ನೀರಿನ ಸರದಿ ಆ ದಿನ ಸಂಜೆಯವರೆಗೆ ಮಾತ್ರ. ಬೆಳಿಗ್ಗೆ ಹೋಗಿ ಕಾಲ ಬಳಿ ನಿಂತು ನೋಡಿದೆ. ಅಳು ಬರಲಿಲ್ಲ. ಅಲ್ಲಿಂದ ನೇರವಾಗಿ ಗದ್ದೆಗೆ ಬಂದು ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿದೆ. ಮಧ್ಯಾಹ್ನ ತಮಟೆಯ ಸದ್ದು ಕೇಳಿಸಿತು. ನಾಲೆಯ ಏರಿಯ ಮೇಲೆ, ಜರಿ ರುಮಾಲು ಕಟ್ಟಿಸಿ ಕೂರಿಸಿಕೊಂಡು, ಅವರನ್ನು ಹೊತ್ತು ತಂದರು. ನಾಟಿಯ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ಕೈಮುಗಿದು ನಿಂತರು.

"ಪೈರು ಒಣಗ್ತದೆ, ಬಗ್ಗಿ" ಎಂದೆ.