ಅವಳ ಹೆಸರಿನ ಮುಂದೆ ನಾನು ಬರೆದ ಹಾಜರಿ

ಹಾಸ್ಟೆಲಿನಲ್ಲಿ ನಮ್ಮನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರೇ ಹೆಸರು. ನಾನು ಚಾಮರಾಜನಗರ, ಅಷ್ಟುದ್ದ ಹೇಳಲು ಸೋಮಾರಿತನವಾಗಿ ಬರೀ ನಗರ. ಇನ್ನಿಬ್ಬರು ಚಂದಕವಾಡಿ ಮತ್ತು ಗುಂಡ್ಲುಪೇಟೆ. ಮೈಸೂರಿನ ಆ ಕಾಲೇಜಿನಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಅಂತ ಇದ್ದದ್ದು ನಾವು ಮೂರೇ ಜನ. ಮೂವರದೂ ಬೇಸಾಯದ ಮನೆ. ಹೆಣ್ಣು ಓದಿ ಯಾವ ರಾಜ್ಯ ಆಳಬೇಕು ಎಂದು ಕೇಳುವ ನೆಂಟರು ಮೂರು ಮನೆಗೂ ಧಾರಾಳವಾಗಿದ್ದರು.

ನಾವು ಅಲ್ಲಿ ಕಲಿತ ದೊಡ್ಡ ವಿದ್ಯೆಯೆಂದರೆ ಪ್ರಾಕ್ಸಿ. ಚರಿತ್ರೆಯ ಮೇಷ್ಟರು ರಿಜಿಸ್ಟರಿನಿಂದ ತಲೆ ಎತ್ತದೆ ನಂಬರು ಕೂಗುತ್ತಿದ್ದರು. ಗುಂಡ್ಲುಪೇಟೆಗೆ ಬೆಳಗಿನ ನಿದ್ದೆಯೆಂದರೆ ಪ್ರಾಣ. ನನ್ನ ನಂಬರಿಗೆ ಒಂದು ಸಲ, ಅವಳ ನಂಬರಿಗೆ ಮೂಗಿನಲ್ಲಿ ಇನ್ನೊಂದು ಸಲ ನಾನೇ 'ಪ್ರೆಸೆಂಟ್ ಸಾರ್' ಅನ್ನುತ್ತಿದ್ದೆ. ಒಂದು ಟರ್ಮು ಪೂರ್ತಿ ಸಿಕ್ಕಿಬೀಳಲಿಲ್ಲವೆಂಬ ಹೆಮ್ಮೆ ಬೇರೆ ನನಗೆ.

ಐವತ್ತೇಳರಲ್ಲಿ ಫ್ಲೂ ಜ್ವರ ಬಂತು. ಹಾಸ್ಟೆಲಿನಲ್ಲಿ ಕೋಣೆಯಿಂದ ಕೋಣೆಗೆ ಹಬ್ಬಿ, ಅಡುಗೆಯವರೂ ಮಲಗಿದ ಮೇಲೆ ಕಾಲೇಜು ಮುಚ್ಚಿ ನಮ್ಮನ್ನೆಲ್ಲ ಊರಿಗೆ ಕಳಿಸಿದರು. ಮತ್ತೆ ಯಾವಾಗ ತೆರೆಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಹೊರಡುವ ದಿನ ಟ್ರಂಕಿನ ಮೇಲೆ ಕೂತು ಉಪಾಯ ಹೇಳಿದವಳು ಗುಂಡ್ಲುಪೇಟೆಯೇ.

"ನಾವೇ ಒಂದು ಆಜರಿ ಇಟ್ಕಳನ ಕಣ್ರೇ. ವಾರಕ್ಕೊಂದು ಕಾಗ್ದ. ನಾನು ಆಜರ್ ಅಂತ ಬರ್ದು ನಗರಕ್ಕ ಕಳಿಸ್ತೀನಿ, ಇವ್ಳು ಬರ್ದು ಚಂದಕವಾಡಿಗ ಕಳಿಸ್ಲಿ, ಅಲ್ಲಿಂದ ತಿರ್ಗ ನಂಗ."

ಚಂದಕವಾಡಿ ಕಡ್ಡಿಯನ್ನು ಗುಡ್ಡ ಮಾಡುವವಳು. ಅವಳ ಅಣ್ಣ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್. "ಯಾರ್ದಾರ ಎಸ್ರು ಮುಂದ ಖಾಲಿ ಇದ್ರ ನಮ್ಮಣ್ಣನ್ನ ಕಳಿಸ್ಬುಡ್ತೀನಿ" ಎಂದು ಅವಳು ಆಗಲೇ ಕಣ್ಣಲ್ಲಿ ನೀರು ತಂದುಕೊಂಡಳು. ನಾವಿಬ್ಬರೂ ನಕ್ಕೆವು.

ಮೂರು ವಾರ ಕಾಗದ ಸರಿಯಾಗಿ ಸುತ್ತಿತು. ಮೂರು ಹೆಸರು, ಮೂರು 'ಹಾಜರ್', ಒಬ್ಬೊಬ್ಬರದು ನಾಲ್ಕು ಸಾಲು. ಈರುಳ್ಳಿ ಲಾರಿಗಳು ಬರುವುದು ಕಡಿಮೆಯಾಗಿದೆ, ರಸ್ತೆ ಬದಿಯ ಚಾದಂಗಡಿಯ ಮಲಯಾಳಿ ಕಾಕ ಕೆಮ್ಮುವವರಿಗೆಲ್ಲ ಚುಕ್ಕು ಕಾಪಿ ಅಂತ ಶುಂಠಿ ಕಷಾಯ ಕುಡಿಸುತ್ತಾನೆ ಎಂದು ಗುಂಡ್ಲುಪೇಟೆ ಬರೆದಳು. ನಾನು ಮನೆಯ ರೇಷ್ಮೆಹುಳುಗಳ ಬಗ್ಗೆ ಬರೆದೆ. ಚಂದಕವಾಡಿ ತಮ್ಮ ಬೀದಿಯಲ್ಲಿ ಯಾರು ಯಾರು ಕೆಮ್ಮಿದರೆಂದು ಪಟ್ಟಿ ಕೊಟ್ಟಳು. ಜ್ವರದ ಕಾಲದಲ್ಲಿ ಹೆಣ್ಣುಮಕ್ಕಳನ್ನು ಬಸ್ಸು ಹತ್ತಲು ಯಾರ ಮನೆಯಲ್ಲೂ ಬಿಡುತ್ತಿರಲಿಲ್ಲ. ಅಂಚೆಯವನ ದಾರಿ ಕಾಯುವುದೇ ನಮಗೆ ಕಾಲೇಜಾಗಿತ್ತು.

ನಾಲ್ಕನೆಯ ವಾರ ಗುಂಡ್ಲುಪೇಟೆಯಿಂದ ಕಾಗದ ಬರಲಿಲ್ಲ. ಎರಡು ದಿನ ಕಾದೆ. ಮೂರನೆಯ ದಿನ ಚಂದಕವಾಡಿಯ ಕಾರ್ಡು ಬಂತು: ಹಾಜರಿ ಯಾಕೆ ಬಂದಿಲ್ಲ, ಅಣ್ಣನನ್ನು ಕಳಿಸಲೇ?

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಅವಳಣ್ಣ ತಾನೇ ಜ್ವರದಿಂದ ಎದ್ದು, ಸೈಕಲ್ಲಿನಲ್ಲಿ ಔಷಧದ ಮಿಕ್ಸ್ಚರ್ ಬಾಟಲಿ ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತಿದ್ದ. ಒಬ್ಬಳು ಮೈಗಳ್ಳಿ ನಾಲ್ಕು ಸಾಲು ಬರೆಯಲಿಲ್ಲವೆಂದು ಅವನು ಮೂವತ್ತು ಮೈಲಿ ಹೋಗಬೇಕೇ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಅಂದುಕೊಂಡೆ. ಹೊಸ ಹಾಳೆ ತೆಗೆದು, ಬಲಕ್ಕೆ ವಾಲುವ ಗುಂಡ್ಲುಪೇಟೆಯ ಅಕ್ಷರವನ್ನು ಹಾಗೆಯೇ ಮೂಡಿಸಿ, ಅವಳ ಹೆಸರಿನ ಮುಂದೆ 'ಹಾಜರ್' ಎಂದು ಬರೆದೆ. 'ಇಲ್ಲಿ ಎಲ್ಲ ಚೆನ್ನಾಗಿದೆ, ನಿದ್ದೆ ಒಂದು ಸಾಲದು' ಎಂದು ಒಂದು ಸಾಲನ್ನೂ ಸೇರಿಸಿದೆ. ಆಮೇಲೆ ನನ್ನ ಹಾಜರಿ ಹಾಕಿ ಚಂದಕವಾಡಿಗೆ ಕಳಿಸಿದೆ. ಅವಳು ಸಮಾಧಾನವಾಗಿ ತನ್ನದನ್ನೂ ಬರೆದು, ಪದ್ಧತಿಯಂತೆ ಗುಂಡ್ಲುಪೇಟೆಗೆ ಅಂಚೆಗೆ ಹಾಕಿದಳು. ಅಣ್ಣ ಹೋಗಲಿಲ್ಲ.

ಏಳೆಂಟು ದಿನ ಕಳೆದು ಅಪ್ಪ ಸಂತೆಯಿಂದ ಬಂದವರು ಚೀಲ ಇಳಿಸದೆ ಬಾಗಿಲಲ್ಲೇ ನಿಂತರು. "ನಿನ್ ಜೊತ ಓದ್ತಿದ್ದ ಗುಂಡ್ಲುಪೇಟ ಎಣ್ಮಗ ಓಗ್ಬುಡ್ತಂತ ಕಣಮ್ಮಿ" ಅಂದರು. ಎಲ್ಲಿಗೆ ಎಂದು ಕೇಳಿದೆ. ಅಷ್ಟು ಪೆದ್ದಿ ನಾನು.

ಜ್ವರ ಎದೆಗೆ ಇಳಿದಿತ್ತಂತೆ. ಕಾಂಪೌಂಡರ್ ಹೋಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಹೇಳಬಲ್ಲವರು ಯಾರೂ ಇಲ್ಲ. ಹೋಗಿದ್ದರೆ ಅವಳನ್ನು ಮೈಸೂರಿಗಾದರೂ ಸಾಗಿಸುತ್ತಿದ್ದ. ಅದನ್ನು ತಪ್ಪಿಸಿದವಳು ನಾನು. ಈಗ ನನಗೆ ಮೊಮ್ಮಕ್ಕಳಿದ್ದಾರೆ, ನನ್ನ ಮೇಲಿನ ಸಿಟ್ಟು ಮಾತ್ರ ಕಿಂಚಿತ್ತೂ ಇಳಿದಿಲ್ಲ.

ಜ್ವರ ತಗ್ಗಿದ ಮೇಲೆ ಅಪ್ಪ ನನ್ನನ್ನೂ ಚಂದಕವಾಡಿಯನ್ನೂ ಗುಂಡ್ಲುಪೇಟೆಗೆ ಕರೆದುಕೊಂಡು ಹೋದರು. ಅವಳ ತಾಯಿ ನಮ್ಮಿಬ್ಬರನ್ನೂ ನಡುಮನೆಯಲ್ಲಿ ಚಾಪೆ ಹಾಕಿ ಕೂರಿಸಿದರು. ತಾವೂ ಜ್ವರದಿಂದ ಎದ್ದವರು, ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದರು.

"ಮನೆ ಮಂದಿಯೆಲ್ಲ ಮಲಗ್ಬುಟ್ಟಿದ್ದೊ ಕಣ್ರವ್ವ, ಸುದ್ದಿ ಮುಟ್ಸಕ್ಕ ಒಬ್ರೂ ಇರ್ನಿಲ್ಲ. ಮೊದ್ಲೆಲ್ಲ ಬಾಗ್ಲನ್ನೇ ನೋಡ್ಕಂಡು ಮಲಗಿರೋಳು. 'ನಾನು ಕಾಗ್ದ ಕಳಿಸ್ನಿಲ್ವಲ್ಲ, ಚಂದಕವಾಡಿಯವ್ಳು ಅವ್ಳಣ್ಣನ್ನ ಕಳಿಸ್ತಾಳ, ನೋಡ್ತಿರವ್ವ' ಅನ್ನೋಳು. ಆಮೇಕ ನಿಮ್ಮ ಕಾಗ್ದ ಬಂತು. ಚಿಕ್ಕವ್ಳು ಓದಿ ಹೇಳುದ್ಲು. ಇವ್ಳು ನಕ್ಬುಟ್ಟು, 'ನಾನು ಆಜರಂತ ಕಣವ್ವ, ಇನ್ಯಾರೂ ಬರಲ್ಲ' ಅಂದ್ಲು. ಅವತ್ತಿಂದ ಬಾಗ್ಲ ಕಡ ತಿರುಗ್ನಿಲ್ಲ."

ಸೆರಗಿನಿಂದ ಮುಖ ಒರೆಸಿಕೊಂಡು ಆಕೆ ನನ್ನನ್ನು ಕೇಳಿದರು, "ಅದ ಬರ್ದೋರು ಯಾರವ್ವ?"

ಗೊತ್ತಿಲ್ಲ ಅಂದೆ. ಪಕ್ಕದಲ್ಲಿ ಕೂತಿದ್ದ ಚಂದಕವಾಡಿ ತಲೆ ಎತ್ತಿ ನನ್ನನ್ನು ನೋಡಿದಳು.